ಬಾಗಿಲ ಪಕ್ಕದ ಕುರ್ಚಿ

ಅರವತ್ತರ ಆಸುಪಾಸಿನ ಗಂಡಸರ ದಿನಚರಿಯಲ್ಲಿ ಕೆಲವು ಬದಲಾವಣೆಗಳು ಯಾರ ಗಮನಕ್ಕೂ ಬಾರದಂತೆ ಸೇರಿಕೊಳ್ಳುತ್ತವೆ. ಮದುವೆಮನೆಯಲ್ಲಿ ಮುಂದಿನ ಸಾಲಿಗೆ ಕರೆದರೂ ಬರುವುದಿಲ್ಲ. ಬಾಗಿಲ ಪಕ್ಕದ ಕುರ್ಚಿಯೇ ಬೇಕು. ಪ್ರಯಾಣದ ದಿನ ಬೆಳಗಿನ ಕಾಫಿ ಬೇಡ. ಬಸ್ಸಿಗಿಂತ ರೈಲೇ ವಾಸಿ. ರಾತ್ರಿ ಊಟದ ಜೊತೆ ಅರ್ಧ ಲೋಟ ನೀರು, ಅಷ್ಟೇ. ಬೆಳಕು ಹರಿಯುವವರೆಗೆ ಕೂತು ನೋಡುತ್ತಿದ್ದ ಯಕ್ಷಗಾನಕ್ಕೆ ಈಗ ಹೋಗುವುದಿಲ್ಲ. ಮಗಳ ಮನೆಗೆ ಹೋದರೂ ಅದೇ ದಿನ ವಾಪಸು. ಕೇಳಿದರೆ ಒಂದೊಂದಕ್ಕೂ ಒಂದೊಂದು ಕಾರಣ ಸಿದ್ಧವಾಗಿರುತ್ತದೆ: ಮುಂದೆ ಕೂತರೆ ಸೆಕೆ, ಕಾಫಿ ಕುಡಿದರೆ ಪಿತ್ತ, ಬಸ್ಸಿನಲ್ಲಿ ಸೊಂಟನೋವು, ಯಕ್ಷಗಾನ ಮೊದಲಿನಂತಿಲ್ಲ.

ಈ ಕಾರಣಗಳಲ್ಲಿ ಯಾವುದೂ ಬೇಕೆಂದು ಹೇಳಿದ ಸುಳ್ಳಲ್ಲ. ಆದರೆ ಎಲ್ಲವನ್ನೂ ಒಟ್ಟಿಗಿಟ್ಟು ನೋಡಿದರೆ ಅವು ಒಂದೇ ಕಡೆಗೆ ಬೆರಳು ತೋರಿಸುತ್ತವೆ. ಈ ಮನುಷ್ಯ ತನ್ನ ಇಡೀ ದಿನವನ್ನು ಮೂತ್ರದ ಅನುಕೂಲಕ್ಕೆ ತಕ್ಕಂತೆ ಹೊಂದಿಸಿಕೊಂಡಿದ್ದಾನೆ. ಹೊಂದಿಸಿಕೊಂಡಿದ್ದೇನೆ ಎನ್ನುವುದು ಅವನಿಗೇ ತಿಳಿದಿಲ್ಲ. ಪ್ರಾಸ್ಟೇಟ್ ತೊಂದರೆಯನ್ನು ಹತ್ತಿರದವರಲ್ಲಿ ಕಂಡಾಗಲೆಲ್ಲ ನನಗೆ ಎದುರಾದದ್ದು ಇದೇ. ಈ ಕಾಯಿಲೆ ತನ್ನ ಇರವನ್ನು ಮೊದಲು ತೋರಿಸುವುದು ನಾವು ಬಿಟ್ಟುಕೊಟ್ಟ ಸಣ್ಣಪುಟ್ಟ ಸಂಗತಿಗಳಲ್ಲಿ. ಅಲ್ಲಿ ಹುಡುಕದಿದ್ದರೆ ಅದು ಬಹಳ ತಡವಾಗಿ ಸಿಗುತ್ತದೆ.

ಪ್ರಾಸ್ಟೇಟ್ ಗಂಡಸರಿಗೆ ಮಾತ್ರ ಇರುವ ಗ್ರಂಥಿ. ಮೂತ್ರಕೋಶದ ಬುಡದಲ್ಲಿ, ಗುದನಾಳದ ಮುಂದೆ ಕೂತಿರುತ್ತದೆ. ಹರೆಯದಲ್ಲಿ ಅದು ದೊಡ್ಡ ನೆಲ್ಲಿಕಾಯಿಯಷ್ಟು, ಸುಮಾರು 20 ಗ್ರಾಂ. ವೀರ್ಯದ ದ್ರವದ ಒಂದು ಪಾಲನ್ನು ತಯಾರಿಸುವುದು ಅದರ ಕೆಲಸ. ಮೂತ್ರಕೋಶದಿಂದ ಹೊರಡುವ ನಾಳ ಈ ಗ್ರಂಥಿಯ ನಡುವೆಯೇ ಹಾದುಬರುತ್ತದೆ. ತೊಂದರೆಯ ಮೂಲವೆಲ್ಲ ಈ ಒಂದು ರಚನೆಯಲ್ಲಿದೆ. ವಯಸ್ಸಾದಂತೆ ಪುರುಷ ಹಾರ್ಮೋನಿನ ಪ್ರಭಾವದಲ್ಲಿ ಗ್ರಂಥಿಯ ಒಳಭಾಗ, ಅಂದರೆ ನಾಳವನ್ನು ಸುತ್ತುವರಿದ ಭಾಗ, ಬೆಳೆಯತೊಡಗುತ್ತದೆ. ಅರವತ್ತರ ಹೊತ್ತಿಗೆ ಸುಮಾರು ಅರ್ಧದಷ್ಟು ಗಂಡಸರಲ್ಲಿ, ಎಂಬತ್ತು ದಾಟಿದವರಲ್ಲಿ ಬಹುಪಾಲು ಮಂದಿಯಲ್ಲಿ ಈ ಬೆಳವಣಿಗೆ ಇರುತ್ತದೆ. ಇದು ಕ್ಯಾನ್ಸರ್ ಅಲ್ಲ. ಮುಂದೆ ಕ್ಯಾನ್ಸರ್ ಆಗಿ ತಿರುಗುವುದೂ ಇಲ್ಲ. ಗ್ರಂಥಿ ಬೆಳೆದವರಿಗೆಲ್ಲ ತೊಂದರೆ ಆಗಲೇಬೇಕೆಂದೂ ಇಲ್ಲ. 100 ಗ್ರಾಂ ತೂಗುವ ಗ್ರಂಥಿಯಿದ್ದೂ ಆರಾಮವಾಗಿರುವವರಿದ್ದಾರೆ. 30 ಗ್ರಾಮಿಗೇ ಒದ್ದಾಡುವವರೂ ಇದ್ದಾರೆ. ಹಾಗಾಗಿ ಸ್ಕ್ಯಾನಿಂಗ್ ವರದಿಯಲ್ಲಿ ‘ಪ್ರಾಸ್ಟೇಟ್ ದೊಡ್ಡದಾಗಿದೆ’ ಎಂಬ ಸಾಲು ಕಂಡ ಮಾತ್ರಕ್ಕೆ ಗಾಬರಿ ಬೇಡ. ಆ ಸಾಲು ಇಲ್ಲವೆಂದು ಲಕ್ಷಣಗಳನ್ನು ಕಡೆಗಣಿಸುವುದೂ ಬೇಡ.

ದಾರಿ ಕಿರಿದಾದಾಗ ಮೂತ್ರಕೋಶ ಏನು ಮಾಡುತ್ತದೆ ಎನ್ನುವುದು ನನ್ನನ್ನು ಬಹಳ ಯೋಚನೆಗೆ ಹಚ್ಚಿದ ಸಂಗತಿ. ಅದು ಮೊದಲಿಗೆ ದೂರು ಹೇಳುವುದೇ ಇಲ್ಲ. ಇನ್ನಷ್ಟು ಬಲ ಹಾಕಿ ಹೊರದೂಡುತ್ತದೆ. ಹಾಗೆ ದುಡಿದು ದುಡಿದು ಅದರ ಗೋಡೆಯ ಸ್ನಾಯು ದಪ್ಪವಾಗುತ್ತದೆ. ಈ ಹೆಚ್ಚಿನ ದುಡಿಮೆಯಿಂದಾಗಿ ವರ್ಷಗಟ್ಟಲೆ ಎಲ್ಲವೂ ಸರಿಯಿದೆ ಎಂದೇ ತೋರುತ್ತದೆ. ನಿಂತ ಮೇಲೆ ಶುರುವಾಗಲು ತುಸು ಕಾಯಬೇಕು, ಧಾರೆ ಸಣ್ಣಗಾಗಿದೆ, ನಿಂತು ನಿಂತು ಬರುತ್ತದೆ, ಮುಕ್ಕಬೇಕಾಗುತ್ತದೆ, ಮುಗಿಯಿತೆಂದು ಬಂದ ಮೇಲೆ ಪಂಚೆಗೆ ನಾಲ್ಕು ಹನಿ ತೊಟ್ಟಿಕ್ಕುತ್ತದೆ. ಇವೆಲ್ಲ ಒಂದೊಂದಾಗಿ ಬರುವುದರಿಂದ ಒಂದೊಂದೂ ಅಭ್ಯಾಸವಾಗಿಬಿಡುತ್ತದೆ. ಆಮೇಲೆ ದಪ್ಪಗಾದ ಸ್ನಾಯು ಸಿಡುಕಲು ಶುರುಮಾಡುತ್ತದೆ. ತುಸು ತುಂಬಿದರೂ ಈಗಲೇ ಹೋಗಬೇಕೆಂಬ ಅವಸರ, ಬಚ್ಚಲು ಮುಟ್ಟುವಷ್ಟರಲ್ಲಿ ಒಂದೆರಡು ಹನಿ ಜಾರುವುದು, ಗಂಟೆಗೊಮ್ಮೆ ಹೋಗಬೇಕೆನಿಸುವುದು, ರಾತ್ರಿ ಮೂರು ನಾಲ್ಕು ಸಲ ಏಳುವುದು. ಕೊನೆಯಲ್ಲಿ ಅದು ದಣಿಯುತ್ತದೆ. ಪ್ರತಿ ಸಲವೂ ಒಳಗೆ ಒಂದಷ್ಟು ಉಳಿಯುತ್ತದೆ. ಉಳಿದದ್ದರಲ್ಲಿ ಸೋಂಕು ಹುಟ್ಟುತ್ತದೆ, ಕಲ್ಲು ಕಟ್ಟುತ್ತದೆ, ಒತ್ತಡ ಹಿಮ್ಮುಖವಾಗಿ ಕಿಡ್ನಿಯವರೆಗೂ ಮುಟ್ಟುತ್ತದೆ. ಈ ಘಟ್ಟದಲ್ಲಿ ಹಲವರಿಗೆ ನೋವೇ ಇರುವುದಿಲ್ಲ. ತುಂಬಿ ಮಿಕ್ಕಿದ್ದು ನಿದ್ದೆಯಲ್ಲಿ ತಾನಾಗಿ ಹನಿದು ಹಾಸಿಗೆ ಒದ್ದೆಯಾಗುತ್ತದೆ. ಮನೆಯವರಿಗೆ ತಿಳಿಯಬಾರದೆಂದು ಆತ ಬೆಳಗಿನ ಜಾವವೇ ಎದ್ದು ಪಂಚೆ ಒಗೆದು ಹಾಕುತ್ತಾನೆ.

ಒಳಗೆ ಮೂತ್ರಕೋಶ, ಹೊರಗೆ ಮನುಷ್ಯ, ಇಬ್ಬರೂ ಒಂದೇ ಕೆಲಸ ಮಾಡುತ್ತಿರುತ್ತಾರೆ. ಕಷ್ಟವನ್ನು ಹೇಳದೆ ಇನ್ನಷ್ಟು ದುಡಿದು, ಇನ್ನಷ್ಟು ಬಿಟ್ಟುಕೊಟ್ಟು ನಿಭಾಯಿಸುತ್ತಾರೆ. ನಿಭಾಯಿಸುತ್ತಿರುವಷ್ಟು ಕಾಲ ಅದನ್ನು ಆರೋಗ್ಯವೆಂದೇ ನಂಬುತ್ತಾರೆ.

ನಮ್ಮ ದೊಡ್ಡಪ್ಪ ಮಲೆನಾಡಿನ ಅಡಿಕೆ ತೋಟದವರು. ಎಪ್ಪತ್ತು ದಾಟಿದ್ದರೂ ದಿನಕ್ಕೊಮ್ಮೆ ತೋಟ ಸುತ್ತಿ ಬರದಿದ್ದರೆ ಊಟ ಸೇರದು. ಒಂದು ಮಳೆಗಾಲದಲ್ಲಿ ಶೀತ ಹಿಡಿಯಿತು. ಪೇಟೆಯ ಮೆಡಿಕಲ್ ಶಾಪಿನಿಂದ ಶೀತದ ಮಾತ್ರೆ ತರಿಸಿ ನುಂಗಿ ಮಲಗಿದರು. ಆ ರಾತ್ರಿ ಮೂತ್ರ ಕಟ್ಟಿತು. ಬಚ್ಚಲಿಗೆ ಹೋಗುತ್ತಾರೆ, ನಿಲ್ಲುತ್ತಾರೆ, ಬರುತ್ತಾರೆ, ಮತ್ತೆ ಹೋಗುತ್ತಾರೆ. ನೀರಿನ ಸದ್ದು ಕೇಳಿದರೆ ಬರಬಹುದೆಂದು ನಲ್ಲಿ ತಿರುಗಿಸಿಟ್ಟರು. ಹಂಡೆಯ ಬಿಸಿನೀರನ್ನು ಹೊಟ್ಟೆಯ ಮೇಲೆ ಹೊಯ್ದುಕೊಂಡರು. ಉಷ್ಣವಾಗಿರಬೇಕೆಂದು ದೊಡ್ಡಮ್ಮ ಜೀರಿಗೆ ನೀರು ಕುಡಿಸಿದರು. ಒಳಗಿನ ಒತ್ತಡ ಅದರಿಂದ ಇನ್ನೂ ಏರಿತು. ನಸುಕಿನಲ್ಲಿ ಜೀಪಿನಲ್ಲಿ ಮಲಗಿಸಿಕೊಂಡು ಹೊರಟಾಗ ಹೊಕ್ಕುಳ ಕೆಳಗೆ ಬಿಗಿದು ಉಬ್ಬಿ ಕಲ್ಲಿನಂತಾಗಿತ್ತು. ರಸ್ತೆಯ ಒಂದೊಂದು ಹೊಂಡಕ್ಕೂ ಅವರ ಕೈ ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಬಾಯಿಂದ ಒಂದು ಶಬ್ದ ಹೊರಡಲಿಲ್ಲ.

ತಾಲ್ಲೂಕು ಆಸ್ಪತ್ರೆಯಲ್ಲಿ ಡಾಕ್ಟರು ತಡಮಾಡಲಿಲ್ಲ. ಮರಗಟ್ಟಿಸುವ ಜೆಲ್ ಹಾಕಿ, ಮೂತ್ರ ಹೊರತರುವ ಕ್ಯಾತಿಟರ್ ಎಂಬ ನಳಿಕೆ ಇಳಿಸಿದರು. ಚೀಲದಲ್ಲಿ ಮೂತ್ರ ಏರುತ್ತ ಹೋಯಿತು. ಸಾಮಾನ್ಯವಾಗಿ ನಾನೂರು, ಐನೂರು ಮಿಲಿಲೀಟರ್ ತುಂಬಿದರೇ ತಡೆದುಕೊಳ್ಳಲಾಗದು. ಇಲ್ಲಿ ಒಂದು ಲೀಟರ್ ದಾಟಿಯೂ ನಿಲ್ಲಲಿಲ್ಲ. ದೊಡ್ಡಪ್ಪನ ಮುಖ ನಿಧಾನವಾಗಿ ಸಡಿಲವಾಯಿತು.

“ಎಷ್ಟು ದಿನದಿಂದ ತೊಂದರೆ ಯಜಮಾನ್ರೇ?” ಡಾಕ್ಟರು ಕೇಳಿದರು.

“ನಿನ್ನೆ ರಾತ್ರಿಯಿಂದ.”

ಮೂಲೆಯಲ್ಲಿ ನಿಂತಿದ್ದ ದೊಡ್ಡಮ್ಮ ಮುಂದೆ ಬಂದರು. “ನಿನ್ನೆದಲ್ಲ ಡಾಕ್ಟ್ರೇ. ನಾಲ್ಕು ವರ್ಷದ ಮೇಲಾಯ್ತು. ರಾತ್ರಿ ನಾಲ್ಕೈದು ಸಲ ಏಳ್ತಾರೆ. ಇವ್ರು ಬಚ್ಚಲಿಗೆ ಹೋಗಿ ಬರೋದ್ರೊಳಗೆ ನಂದು ಒಂದು ನಿದ್ದೆ ಆಗಿರುತ್ತೆ.”

“ವಯಸ್ಸಾದ ಮೇಲೆ ಎಲ್ಲರಿಗೂ ಬರೋದೇ ಅಲ್ವೇನೇ ಅದು?” ಎಂದರು ದೊಡ್ಡಪ್ಪ.

“ಬರೋದು ಹೌದು ಯಜಮಾನ್ರೇ. ಬಂದ್ರೆ ಔಷಧಿನೂ ಇದೆ,” ಎಂದರು ಡಾಕ್ಟರು.

ಆ ಮೂವರ ಮಾತನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ತಿರುವಿ ಹಾಕಿದ್ದೇನೆ. ದೊಡ್ಡಪ್ಪ ಏನನ್ನೂ ಮುಚ್ಚಿಡಲಿಲ್ಲ. ಅವರ ಪಾಲಿಗೆ ತೊಂದರೆ ಶುರುವಾದದ್ದು ನಿಜಕ್ಕೂ ನಿನ್ನೆ ರಾತ್ರಿ. ಅದಕ್ಕೂ ಹಿಂದಿನದು ವಯಸ್ಸು, ಅಷ್ಟೇ. ನೋವು ಬಂದ ಗಳಿಗೆಯಿಂದ ಅವರು ಲೆಕ್ಕ ಹಿಡಿದಿದ್ದರು. ದೊಡ್ಡಮ್ಮ ನಿದ್ದೆ ಕೆಟ್ಟ ರಾತ್ರಿಯಿಂದ ಲೆಕ್ಕ ಹಿಡಿದಿದ್ದರು. ವೈದ್ಯರಿಗೆ ಬೇಕಾಗಿದ್ದದ್ದು ಎರಡನೆಯ ಲೆಕ್ಕ. ಮುಂದೆ ಜಿಲ್ಲಾಸ್ಪತ್ರೆಯಲ್ಲಿ ಆಪರೇಷನ್ ಆಗಿ, ಚೇತರಿಸಿಕೊಂಡ ಮೇಲೆ ದೊಡ್ಡಪ್ಪ ಹೇಳಿದ್ದು ಇದು: “ಪೂರ್ತಿ ನಿದ್ದೆ ಅಂದ್ರೆ ಹೆಂಗಿರುತ್ತೆ ಅನ್ನೋದೇ ಮರೆತುಹೋಗಿತ್ತು ನೋಡು.” ಕಳೆದುಕೊಂಡದ್ದರ ಅರಿವು ಅದು ಮರಳಿ ಸಿಕ್ಕ ಮೇಲೆ ಬಂತು. ನಿಧಾನವಾಗಿ ಬರುವ ಕಾಯಿಲೆ ಆರೋಗ್ಯವನ್ನು ಮಾತ್ರ ಒಯ್ಯುವುದಿಲ್ಲ, ಆರೋಗ್ಯದ ನೆನಪನ್ನೂ ಒಯ್ಯುತ್ತದೆ. ಹೋಲಿಸಿ ನೋಡಲು ಏನೂ ಉಳಿಯದಿದ್ದಾಗ ಮನುಷ್ಯ ಚೆನ್ನಾಗಿದ್ದೇನೆ ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಾನೆ.

ಆ ರಾತ್ರಿಯನ್ನು ತಂದದ್ದು ಶೀತದ ಮಾತ್ರೆ ಎಂದು ಆಮೇಲೆ ತಿಳಿಯಿತು. ಮೂಗು ಕಟ್ಟಿದ್ದನ್ನು ಬಿಡಿಸುವ ಫಿನೈಲೆಫ್ರಿನ್‌ನಂಥ ಔಷಧಗಳು ಮೂತ್ರಕೋಶದ ಕೊರಳನ್ನೂ ಪ್ರಾಸ್ಟೇಟಿನ ಸ್ನಾಯುವನ್ನೂ ಬಿಗಿಯುತ್ತವೆ. ಅದೇ ಮಾತ್ರೆಯಲ್ಲಿ ಸೀನು ತಡೆಯಲು ಸೇರಿಸುವ ಕ್ಲೋರ್‌ಫೆನಿರಮೈನ್ ಮೂತ್ರಕೋಶದ ದೂಡುವ ಬಲವನ್ನು ತಗ್ಗಿಸುತ್ತದೆ. ಆರೋಗ್ಯವಂತನಿಗೆ ಏನೂ ಆಗದ ಮಾತ್ರೆ ಅಂಚಿನಲ್ಲಿ ನಿಂತವನನ್ನು ಆಚೆ ತಳ್ಳುತ್ತದೆ. ಮಲಬದ್ಧತೆ, ವಿಪರೀತ ಮದ್ಯ, ದೂರದ ಬಸ್ ಪ್ರಯಾಣದಲ್ಲಿ ಬಹಳ ಹೊತ್ತು ತಡೆದುಕೊಳ್ಳುವುದು, ಬೇರೆ ಯಾವುದೋ ಶಸ್ತ್ರಚಿಕಿತ್ಸೆ, ಇವೂ ಹೀಗೆಯೇ ಮಾಡಬಲ್ಲವು. ಧಾರೆ ಸಣ್ಣಗಾಗಿದೆ ಎಂದು ಗೊತ್ತಿರುವ ಯಾರೇ ಆಗಲಿ ಶೀತದ ಮಾತ್ರೆ ಕೊಳ್ಳುವಾಗ ಅದನ್ನು ಹೇಳಬೇಕು. ಹೇಳುವುದಕ್ಕೆ ಮೊದಲು ತನಗೆ ತಾನೇ ಒಪ್ಪಿಕೊಂಡಿರಬೇಕು. ಎಲ್ಲರೂ ತಡವರಿಸುವುದು ಅಲ್ಲಿಯೇ.

ತಡವರಿಕೆಗೆ ಕಾರಣಗಳಿವೆ, ಅವನ್ನು ತಾತ್ಸಾರ ಮಾಡಲು ನನಗೆ ಮನಸ್ಸಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಕೂತಿರುವುದು ಮಗಳ ವಯಸ್ಸಿನ ಡಾಕ್ಟರಮ್ಮ. ಅವರೆದುರು ಮೂತ್ರದ ಮಾತೆತ್ತಲಾಗದೆ ಮಂಡಿನೋವಿಗೆ ಮಾತ್ರೆ ಬರೆಸಿಕೊಂಡು ಮರಳುವ ಹಿರಿಯರು ಎಷ್ಟೋ ಮಂದಿ. ಕೂಲಿಗೆ ಹೋಗುವವನಿಗೆ ಆಸ್ಪತ್ರೆಯ ಸಾಲಿನಲ್ಲಿ ಕಳೆದ ದಿನದ ಸಂಬಳವಿಲ್ಲ. ಬಸ್ ನಿಲ್ದಾಣದ ಮೂತ್ರಾಲಯದ ಗೋಡೆಯಲ್ಲಿ ಅವನನ್ನು ಮಾತನಾಡಿಸುವುದು ‘ಗುಪ್ತರೋಗಗಳಿಗೆ ಶರ್ತಿಯ ಚಿಕಿತ್ಸೆ’ ಎಂಬ ಭಿತ್ತಿಪತ್ರ. ಅದನ್ನು ಓದಿದವನ ತಲೆಯಲ್ಲಿ ಈ ತೊಂದರೆಗೂ ಯೌವನದ ನಡವಳಿಕೆಗೂ ಗಂಟು ಬೀಳುತ್ತದೆ, ಹಳೆಯದೇನೋ ಈಗ ಹೊರಬಿತ್ತೆಂಬ ಅಂಜಿಕೆ ಹುಟ್ಟುತ್ತದೆ. ವಯಸ್ಸಿಗೆ ಬರುವ ಈ ಬೆಳವಣಿಗೆಗೂ ಯಾರ ನಡತೆಗೂ ಸಂಬಂಧವಿಲ್ಲ. ತಲೆ ನರೆಯುವ ವಯಸ್ಸಿಗೆ ಇದೂ ಬರುತ್ತದೆ, ಒಳ್ಳೆಯವರಿಗೂ ಬರುತ್ತದೆ, ಸನ್ಯಾಸಿಗೂ ಬರುತ್ತದೆ.

ಈ ಸಂಕೋಚ ಹಳ್ಳಿಗರದು ಮಾತ್ರವೆಂದು ತಿಳಿಯಬಾರದು. 2024ರ ಜನವರಿಯಲ್ಲಿ ಜಗತ್ತು ಎರಡು ಸುದ್ದಿಗಳನ್ನು ಒಟ್ಟಿಗೆ ಕೇಳಿತು. ಅಮೆರಿಕದ ಆಗಿನ ರಕ್ಷಣಾ ಕಾರ್ಯದರ್ಶಿ ಲಾಯ್ಡ್ ಆಸ್ಟಿನ್ 2023ರ ಡಿಸೆಂಬರ್ 22ರಂದು ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಹೊಸ ವರ್ಷದ ದಿನ ಸೋಂಕಿನಿಂದ ಮತ್ತೆ ಆಸ್ಪತ್ರೆ ಸೇರಿದರು. ಆಸ್ಪತ್ರೆಯಲ್ಲಿದ್ದಾರೆಂಬುದೇ ಕೆಲವು ದಿನ ಅಧ್ಯಕ್ಷರಿಗೆ ತಿಳಿದಿರಲಿಲ್ಲ. ಕಾಯಿಲೆ ಯಾವುದೆಂದು ತಿಳಿದದ್ದು ಜನವರಿ 9ರಂದು. ಮುಂದೆ ಅವರು ಪತ್ರಕರ್ತರ ಎದುರು ಕ್ಷಮೆ ಕೇಳಿದರು. ಜಗತ್ತಿನ ಅತಿ ದೊಡ್ಡ ಸೈನ್ಯಗಳಲ್ಲೊಂದನ್ನು ನಡೆಸುತ್ತಿದ್ದ, ಸ್ವತಃ ಜನರಲ್ ಆಗಿದ್ದ ಮನುಷ್ಯನಿಗೂ ಈ ಒಂದು ಮಾತು ಬಾಯಿಗೆ ಬರಲಿಲ್ಲ. ಅದೇ ತಿಂಗಳ 17ರಂದು ಬ್ರಿಟನ್ನಿನ ದೊರೆ ಮೂರನೇ ಚಾರ್ಲ್ಸ್ ತಮಗೆ ಪ್ರಾಸ್ಟೇಟ್ ದೊಡ್ಡದಾಗಿದೆ, ಚಿಕಿತ್ಸೆಗೆ ಹೋಗುತ್ತಿದ್ದೇನೆ ಎಂದು ಮುಂಚಿತವಾಗಿಯೇ ಪ್ರಕಟಿಸಿದರು. ಉಳಿದ ಗಂಡಸರೂ ತಪಾಸಣೆಗೆ ಹೋಗಲಿ ಎಂಬುದೂ ಅದರ ಉದ್ದೇಶವಾಗಿತ್ತು. ಆ ದೇಶದ ಆರೋಗ್ಯ ಸೇವೆಯ ಜಾಲತಾಣದಲ್ಲಿ ಈ ವಿಷಯದ ಪುಟ ನೋಡುವವರ ಸಂಖ್ಯೆ ಒಂದೇ ದಿನದಲ್ಲಿ ಹತ್ತು ಪಟ್ಟಿಗೂ ಹೆಚ್ಚಾಯಿತು. ಅಷ್ಟು ಜನ ಆ ಮಾತಿಗಾಗಿ ಕಾದಿದ್ದರು. ಒಬ್ಬರು ಬಾಯಿ ಬಿಡಬೇಕಿತ್ತು.

ಮಾತು ಹೇಗೆ ಮಾತನ್ನು ಹೊರಡಿಸುತ್ತದೆ ಎನ್ನುವುದನ್ನು ನಾನು ಕಂಡದ್ದು ಯೂರಾಲಜಿ ವಿಭಾಗದ ಹೊರಗಿನ ಬೆಂಚಿನಲ್ಲಿ. ಅಲ್ಲಿ ಪ್ರತಿಯೊಬ್ಬರ ಕೈಯಲ್ಲೂ ಒಂದು ನೀರಿನ ಬಾಟಲಿ. ಸ್ಕ್ಯಾನಿಂಗಿಗೆ ಮೂತ್ರಕೋಶ ತುಂಬಿರಬೇಕು. ಆಮೇಲೆ ಖಾಲಿ ಮಾಡಿ ಬಂದರೆ ಎಷ್ಟು ಉಳಿದಿದೆ ಎಂದು ಮತ್ತೊಮ್ಮೆ ನೋಡುತ್ತಾರೆ. “ಒತ್ತಡ ಬಂತಾ?” ಎಂದು ಆಗಾಗ ಬಂದು ಕೇಳುವ ಸಿಬ್ಬಂದಿ, “ಇನ್ನೂ ಇಲ್ಲ” ಎನ್ನುವ ಲಾರಿ ಡ್ರೈವರ್, ನಿವೃತ್ತ ಮೇಷ್ಟ್ರು, ಕಿರಾಣಿ ಅಂಗಡಿಯವರು. ಒಳಗೆ ಇನ್ನೊಂದು ಯಂತ್ರ. ಅದರ ಆಲಿಕೆಯಲ್ಲಿ ಮೂತ್ರ ಮಾಡಿದರೆ ಧಾರೆಯ ವೇಗ ಕಾಗದದ ಮೇಲೆ ಗೆರೆಯಾಗಿ ಮೂಡುತ್ತದೆ. ಅತಿ ಹೆಚ್ಚಿನ ವೇಗ ಸೆಕೆಂಡಿಗೆ 15 ಮಿಲಿಲೀಟರ್ ಮೇಲಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ; 10ಕ್ಕಿಂತ ಕೆಳಗಿಳಿದರೆ ಅಡಚಣೆಯ ಅನುಮಾನ. ಮೇಷ್ಟ್ರು ತಮ್ಮ ಗೆರೆಯನ್ನು ಹಿಡಿದು ಹೊರಬಂದು ಪಕ್ಕದವರಿಗೆ ತೋರಿಸಿದರು. ಅವರು ತಮ್ಮದನ್ನು ತೋರಿಸಿದರು. ಹತ್ತು ನಿಮಿಷದಲ್ಲಿ ಆ ಬೆಂಚಿನಲ್ಲಿ ರಾತ್ರಿ ಎಷ್ಟು ಸಲ ಏಳುತ್ತೇವೆ ಎಂಬ ಮಾತು ಮಳೆ ಬೆಳೆಯ ಮಾತಿನಷ್ಟು ಸಲೀಸಾಗಿ ನಡೆಯಿತು. ಮನೆಯಲ್ಲಿ ವರ್ಷಗಟ್ಟಲೆ ಆಡದ ಮಾತನ್ನು ಅಪರಿಚಿತರ ನಡುವೆ ಆಡಲು ಬೇಕಾಗಿದ್ದದ್ದು ‘ನಿನ್ನೊಬ್ಬನಿಗೇ ಅಲ್ಲ’ ಎಂಬ ಧೈರ್ಯ ಮಾತ್ರ.

ವೈದ್ಯರು ಕೇಳುವ ಪ್ರಶ್ನೆಗಳಿಗೂ ಒಂದು ಕ್ರಮವಿದೆ. ಜಗತ್ತಿನಾದ್ಯಂತ ಬಳಸುವ ಏಳು ಪ್ರಶ್ನೆಗಳ ಪಟ್ಟಿಯದು: ಖಾಲಿಯಾಗದ ಭಾವ, ಪದೇ ಪದೇ ಹೋಗುವುದು, ನಿಂತು ನಿಂತು ಬರುವುದು, ತಡೆಯಲಾಗದ ಅವಸರ, ಸಣ್ಣ ಧಾರೆ, ಮುಕ್ಕುವುದು, ರಾತ್ರಿ ಏಳುವುದು. ಪ್ರತಿಯೊಂದಕ್ಕೂ ಸೊನ್ನೆಯಿಂದ ಐದರವರೆಗೆ ಅಂಕ. ಒಟ್ಟು 7ರವರೆಗೆ ಸೌಮ್ಯ, 8ರಿಂದ 19 ಮಧ್ಯಮ, 20ರಿಂದ 35 ತೀವ್ರ. ಇವುಗಳ ಕೊನೆಗೆ ಎಂಟನೆಯದೊಂದು ಪ್ರಶ್ನೆಯಿದೆ. ಈಗ ಇರುವ ಹಾಗೆಯೇ ಉಳಿದ ಬದುಕನ್ನೆಲ್ಲ ಕಳೆಯಬೇಕಾದರೆ ನಿಮಗೆ ಹೇಗನ್ನಿಸುತ್ತದೆ ಎಂಬ ಅರ್ಥದ ಪ್ರಶ್ನೆ. ಚಿಕಿತ್ಸೆ ಬೇಕೋ ಬೇಡವೋ ಎನ್ನುವುದು ಬಹಳಷ್ಟು ಮಟ್ಟಿಗೆ ಈ ಉತ್ತರದ ಮೇಲೆ ನಿಲ್ಲುತ್ತದೆ. ವೈದ್ಯಶಾಸ್ತ್ರ ಇಲ್ಲಿ ರೋಗಿಯ ಮಾತಿಗೆ ಕೊಟ್ಟಿರುವ ಗೌರವ ದೊಡ್ಡದು. ಆ ಗೌರವಕ್ಕೆ ತಕ್ಕ ಉತ್ತರ ನಮ್ಮಿಂದ ಹೊರಡಬೇಕಾದರೆ ಸಹಿಸಿಕೊಳ್ಳುತ್ತೇನೆ ಎಂಬ ಅಭ್ಯಾಸದ ಮಾತನ್ನು ಒಂದು ಗಳಿಗೆ ಪಕ್ಕಕ್ಕಿಡಬೇಕು.

ಡಾಕ್ಟರ ಹತ್ತಿರ ಹೋದರೆ ಆಪರೇಷನ್ನೇ ಎಂಬ ಭಯವೂ ಸರಿಯಲ್ಲ. ಸೌಮ್ಯ ಲಕ್ಷಣಗಳಿಗೆ ಸಂಜೆಯ ಮೇಲೆ ನೀರು, ಕಾಫಿ, ಟೀ ಕಡಿಮೆ ಮಾಡುವುದು, ಮಲಬದ್ಧತೆ ಆಗದಂತೆ ನೋಡಿಕೊಳ್ಳುವುದು, ಆಗಾಗ ತೋರಿಸಿಕೊಳ್ಳುವುದು, ಇಷ್ಟೇ ಸಾಕಾಗಬಹುದು. ಟ್ಯಾಮ್ಸುಲೋಸಿನ್‌ನಂಥ ಮಾತ್ರೆ ಬಿಗಿದ ಸ್ನಾಯುವನ್ನು ಸಡಿಲಿಸಿ ಕೆಲವೇ ದಿನಗಳಲ್ಲಿ ಧಾರೆಯನ್ನು ಸರಾಗ ಮಾಡುತ್ತದೆ. ಅದನ್ನು ತೆಗೆದುಕೊಳ್ಳುವವರು ಹಾಸಿಗೆಯಿಂದ ಧಡಕ್ಕನೆ ಏಳಬಾರದು, ತಲೆಸುತ್ತು ಬರಬಹುದು. ಕಣ್ಣಿನ ಪೊರೆಯ ಆಪರೇಷನ್ ಇದ್ದರೆ ಈ ಮಾತ್ರೆಯ ವಿಷಯ ಕಣ್ಣಿನ ಡಾಕ್ಟರಿಗೆ ಮೊದಲೇ ಹೇಳಲೇಬೇಕು. ಪಾಪೆ ಸರಿಯಾಗಿ ಅರಳದೆ ಶಸ್ತ್ರಚಿಕಿತ್ಸೆಗೆ ತೊಡಕಾಗುತ್ತದೆ. ಎರಡೂ ಒಂದೇ ವಯಸ್ಸಿನಲ್ಲಿ ಬರುವುದರಿಂದ ಇದು ಎಲ್ಲ ಮನೆಗೂ ತಿಳಿದಿರಬೇಕಾದ ಸಂಗತಿ. ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ಗ್ರಂಥಿಯನ್ನೇ ಕುಗ್ಗಿಸುತ್ತವೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಔಷಧಕ್ಕೆ ಬಗ್ಗದಿದ್ದರೆ ಹೊಟ್ಟೆ ಕೊಯ್ಯದೆ ಮೂತ್ರನಾಳದ ಮೂಲಕವೇ ಅಡ್ಡ ಬೆಳೆದ ಭಾಗವನ್ನು ತೆಗೆಯುತ್ತಾರೆ. ಅದಾದ ಮೇಲೆ ಹಲವರಲ್ಲಿ ವೀರ್ಯ ಹೊರಬರದೆ ಮೂತ್ರಕೋಶಕ್ಕೆ ಸೇರುತ್ತದೆ. ಅಪಾಯವಲ್ಲ, ಆದರೆ ಮೊದಲೇ ಕೇಳಿ ತಿಳಿದಿರುವುದು ಗಂಡ ಹೆಂಡತಿ ಇಬ್ಬರಿಗೂ ಒಳ್ಳೆಯದು.

ರಾತ್ರಿ ಏಳುವುದೆಲ್ಲ ಪ್ರಾಸ್ಟೇಟಿನ ಲಕ್ಷಣವೂ ಅಲ್ಲ. ಸಕ್ಕರೆ ಕಾಯಿಲೆ, ಬಿಪಿಗೆಂದು ನುಂಗುವ ಕೆಲವು ಮಾತ್ರೆಗಳು, ಕಾಲು ಊದಿಸುವ ಹೃದಯದ ತೊಂದರೆ, ಗೊರಕೆಯೊಡನೆ ಉಸಿರು ಕಟ್ಟುವ ನಿದ್ದೆಯ ತೊಂದರೆ, ಇವೆಲ್ಲ ಮೂತ್ರಕ್ಕೆ ಎಬ್ಬಿಸುತ್ತವೆ. ಹಾಗಾಗಿ ಪಕ್ಕದ ಮನೆಯವರಿಗೆ ಬರೆದುಕೊಟ್ಟ ಮಾತ್ರೆ ತಂದು ನುಂಗುವುದು ಸಲ್ಲದು.

ಕ್ಯಾನ್ಸರಿನ ಮಾತು ಬೇರೆ, ಅದನ್ನು ಹೆಚ್ಚು ಎಚ್ಚರದಿಂದ ಆಡಬೇಕು. ಪ್ರಾಸ್ಟೇಟ್ ಕ್ಯಾನ್ಸರ್ ಬಹುತೇಕ ಗ್ರಂಥಿಯ ಹೊರಭಾಗದಲ್ಲಿ, ಮೂತ್ರನಾಳದಿಂದ ದೂರದಲ್ಲಿ ಹುಟ್ಟುತ್ತದೆ. ನಾಳವನ್ನು ಒತ್ತದ ಕಾರಣ ಬಹುಕಾಲ ಸುಮ್ಮನಿರುತ್ತದೆ. ಅಂದರೆ ಗಲಾಟೆ ಮಾಡುವ ಬೆಳವಣಿಗೆ ಹೆಚ್ಚಾಗಿ ಕ್ಯಾನ್ಸರ್ ಅಲ್ಲ, ಸದ್ದಿಲ್ಲದ್ದೇ ಕೆಲವೊಮ್ಮೆ ಮಾರಕ. ಒಲಿಂಪಿಕ್ ಸೈಕ್ಲಿಂಗ್‌ನಲ್ಲಿ ಆರು ಚಿನ್ನ ಗೆದ್ದ ಸ್ಕಾಟ್ಲೆಂಡಿನ ಕ್ರಿಸ್ ಹೋಯ್ ವೈದ್ಯರ ಬಳಿ ಹೋದದ್ದು ಭುಜದ ನೋವಿಗೆ. ಅಷ್ಟರಲ್ಲಿ ಪ್ರಾಸ್ಟೇಟಿನ ಕ್ಯಾನ್ಸರ್ ಮೂಳೆಗೆ ಹರಡಿತ್ತು. ಆಗ ಅವರಿಗೆ ಐವತ್ತೂ ಆಗಿರಲಿಲ್ಲ. ತೊಂದರೆ ಕಾಣಲಿ, ಆಮೇಲೆ ಹೋಗೋಣ ಎಂಬ ನಿಯಮ ಇಲ್ಲಿ ಕೆಲಸ ಮಾಡುವುದಿಲ್ಲ.

ಅದಕ್ಕಾಗಿ ಪಿಎಸ್‌ಎ ಎಂಬ ರಕ್ತಪರೀಕ್ಷೆ ಇದೆ. ಆದರೆ ಅದು ಹೌದು ಅಲ್ಲ ಎಂದು ಒಂದೇ ಮಾತಿನಲ್ಲಿ ಹೇಳುವ ಪರೀಕ್ಷೆಯಲ್ಲ. ವಯಸ್ಸಿನ ಬೆಳವಣಿಗೆಯಿಂದಲೂ, ಸೋಂಕಿನಿಂದಲೂ, ಕ್ಯಾತಿಟರ್ ಹಾಕಿದ್ದರಿಂದಲೂ ಅಂಕಿ ಏರುತ್ತದೆ. ಫಿನಾಸ್ಟರೈಡ್ ನುಂಗುತ್ತಿದ್ದರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಪರೀಕ್ಷೆಯಿಂದ ಸಿಗುವ ಕ್ಯಾನ್ಸರ್‌ಗಳಲ್ಲಿ ಕೆಲವು ಎಷ್ಟು ನಿಧಾನವೆಂದರೆ ಆಯಸ್ಸಿನುದ್ದಕ್ಕೂ ಕಾಟ ಕೊಡುವುದೇ ಇಲ್ಲ; ಅಂಥವನ್ನು ಈಗ ಚಿಕಿತ್ಸೆಯಿಲ್ಲದೆ ಕಣ್ಣಿಟ್ಟು ಕಾಯುತ್ತಾರೆ. ಅಮೆರಿಕದ ತಜ್ಞರ ಮಂಡಳಿ 2012ರಲ್ಲಿ ಲಕ್ಷಣವಿಲ್ಲದವರಿಗೆ ಈ ಪರೀಕ್ಷೆ ಬೇಡವೆಂದಿತ್ತು. 2018ರಲ್ಲಿ ನಿಲುವು ಬದಲಿಸಿ, 55ರಿಂದ 69ರ ವಯಸ್ಸಿನವರು ವೈದ್ಯರೊಡನೆ ಲಾಭ ನಷ್ಟ ಮಾತನಾಡಿ ತೀರ್ಮಾನಿಸಲಿ, 70ರ ಮೇಲೆ ಬೇಡ ಎಂದಿತು. ತಂದೆಗೋ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಬಂದಿದ್ದರೆ, ಕುಟುಂಬದಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಹೆಚ್ಚಾಗಿದ್ದರೆ, ಈ ಮಾತುಕತೆ ನಲವತ್ತೈದರ ಹೊತ್ತಿಗೇ ಶುರುವಾಗಬೇಕು. ಬೆಂಗಳೂರಿನಂಥ ನಗರಗಳ ಕ್ಯಾನ್ಸರ್ ನೋಂದಣಿಗಳಲ್ಲಿ ಗಂಡಸರಿಗೆ ಹೆಚ್ಚಾಗಿ ಬರುವ ಕ್ಯಾನ್ಸರ್‌ಗಳ ಸಾಲಿನಲ್ಲಿ ಇದೂ ಇದೆ. ಇದು ಪರದೇಶದ ಕಾಯಿಲೆಯಲ್ಲ.

ಕೆಲವು ಸಂದರ್ಭಗಳಲ್ಲಿ ಯೋಚಿಸುತ್ತ ಕೂರುವಂತಿಲ್ಲ. ಮೂತ್ರ ಪೂರ್ತಿ ಕಟ್ಟಿ ಕಿಬ್ಬೊಟ್ಟೆ ಉಬ್ಬಿದರೆ ಅದೇ ಗಳಿಗೆ ಆಸ್ಪತ್ರೆಗೆ ಹೊರಡಬೇಕು, ಬೆಳಗಾಗಲಿ ಎಂದು ಕಾಯಬಾರದು. ಉರಿಮೂತ್ರದ ಜೊತೆ ಚಳಿಜ್ವರ ಬಂದರೆ, ವೃಷಣ ಗುದಗಳ ನಡುವೆ ನೋವಿದ್ದರೆ, ಅದು ಪ್ರಾಸ್ಟೇಟಿನ ಸೋಂಕಾಗಿರಬಹುದು. ಇದು ಮೂವತ್ತು ನಲವತ್ತರ ಯುವಕರಿಗೂ ಬರುತ್ತದೆ. ಉಷ್ಣವೆಂದು ಎಳನೀರು, ಬಾರ್ಲಿ ನೀರಿನಲ್ಲಿ ದಿನ ಕಳೆದರೆ ಸೋಂಕು ರಕ್ತಕ್ಕೆ ಸೇರಬಹುದು. ಮೂತ್ರದಲ್ಲಿ ರಕ್ತ ಒಂದೇ ಸಲ ಕಂಡು ನಿಂತುಹೋದರೂ, ನೋವಿಲ್ಲದಿದ್ದರೂ, ತೋರಿಸಲೇಬೇಕು. ನಿದ್ದೆಯಲ್ಲಿ ಹಾಸಿಗೆ ಒದ್ದೆಯಾದರೆ ಕಿಡ್ನಿಯ ಪರೀಕ್ಷೆ ತಡವಾಗಬಾರದು. ಹೊಸದಾಗಿ ಹುಟ್ಟಿದ, ಮಲಗಿದರೂ ಬಿಡದ ಬೆನ್ನುನೋವು, ಕಾರಣವಿಲ್ಲದೆ ಇಳಿಯುವ ತೂಕ, ಇವು ತಡಮಾಡದೆ ತೋರಿಸಬೇಕಾದವು. ಬೆನ್ನುನೋವಿನೊಡನೆ ಕಾಲುಗಳ ಬಲ ಕುಂದಿದರೆ ಆ ದಿನವೇ ಹೋಗಬೇಕು. ಉಳಿದಂತೆ, ಧಾರೆ ಸಣ್ಣಗಾಗಿದೆ, ರಾತ್ರಿ ಎರಡು ಸಲಕ್ಕಿಂತ ಹೆಚ್ಚು ಏಳುತ್ತೇನೆ, ಹೊರಗೆ ಹೋಗಲು ಹಿಂಜರಿಕೆ ಎನ್ನುವವರು ಹತ್ತಿರದ ಡಾಕ್ಟರನ್ನು ಕಂಡರೆ ಸಾಕು. ಮೂತ್ರ, ಸಕ್ಕರೆ, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಒಂದು ಸ್ಕ್ಯಾನಿಂಗ್, ಬೆರಳಿನಿಂದ ಗುದದ್ವಾರದ ಮೂಲಕ ಮಾಡುವ ಒಂದು ನಿಮಿಷದ ಪರೀಕ್ಷೆ, ಆರಂಭಕ್ಕೆ ಬೇಕಾದದ್ದು ಬಹುಮಟ್ಟಿಗೆ ಇಷ್ಟೇ. ಮುಂದೆ ಬೇಕಾದರೆ ಜಿಲ್ಲಾಸ್ಪತ್ರೆಗಳಿವೆ, ವೈದ್ಯಕೀಯ ಕಾಲೇಜುಗಳಿವೆ, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಈ ಕಾಯಿಲೆಗಳಿಗೆಂದೇ ಸರ್ಕಾರದ ನೆಫ್ರೋ ಯೂರಾಲಜಿ ಸಂಸ್ಥೆಯಿದೆ, ಕ್ಯಾನ್ಸರಿಗೆ ಕಿದ್ವಾಯಿ ಆಸ್ಪತ್ರೆ ಇದೆ.

ಇದನ್ನೆಲ್ಲ ಬರೆಯುವಾಗ ನನ್ನ ಮನಸ್ಸು ಹೋಗುವುದು ಸಾಕ್ಷಿಯಿಲ್ಲದ ಗಂಡಸರ ಕಡೆಗೆ. ದೊಡ್ಡಪ್ಪನ ರಾತ್ರಿಗಳಿಗೆ ದೊಡ್ಡಮ್ಮ ಸಾಕ್ಷಿಯಾಗಿದ್ದರು. ಹೆಂಡತಿಯನ್ನು ಕಳೆದುಕೊಂಡು ಊರಿನ ಮನೆಯಲ್ಲಿ ಒಬ್ಬರೇ ಇರುವವರ ರಾತ್ರಿಗಳನ್ನು ಯಾರು ಎಣಿಸುತ್ತಾರೆ? ಮಕ್ಕಳು ಬೆಂಗಳೂರಿನಲ್ಲೋ ಪುಣೆಯಲ್ಲೋ ಅಮೆರಿಕದಲ್ಲೋ ಇದ್ದಾರೆ. ಭಾನುವಾರ ಫೋನ್ ಮಾಡಿ “ಹುಷಾರಾಗಿದ್ದೀರಾ ಅಪ್ಪ?” ಎಂದು ಕೇಳುತ್ತಾರೆ. ಅಪ್ಪ “ಚೆನ್ನಾಗಿದ್ದೀನಿ” ಎನ್ನುತ್ತಾರೆ. ಪ್ರೀತಿಯಿಂದ ಕೇಳಿದ ಪ್ರಶ್ನೆ, ಪ್ರೀತಿಯಿಂದ ಕೊಟ್ಟ ಉತ್ತರ; ನಡುವೆ ಕಾಯಿಲೆ ತನ್ನ ಪಾಡಿಗೆ ಬೆಳೆಯುತ್ತದೆ. ನಾವು ಕೇಳುವ ಪ್ರಶ್ನೆ ಬದಲಾಗಬೇಕು. ರಾತ್ರಿ ಎಷ್ಟು ಸಲ ಎಚ್ಚರವಾಗುತ್ತೆ ಅಪ್ಪ? ಮೊದಲು ಹೋಗುತ್ತಿದ್ದ ಜಾತ್ರೆಗೆ ಈ ವರ್ಷ ಯಾಕೆ ಹೋಗಲಿಲ್ಲ? ದಾರಿಯಲ್ಲಿ ಕಾಫಿ ಕುಡಿಯುವುದನ್ನು ಯಾವಾಗ ಬಿಟ್ಟಿರಿ? ಇಂಥ ಪ್ರಶ್ನೆಗೆ ‘ಚೆನ್ನಾಗಿದ್ದೀನಿ’ ಎಂಬ ಉತ್ತರ ಹೊಂದುವುದಿಲ್ಲ. ಅಲ್ಲೊಂದು ಸಂಖ್ಯೆ ಹೇಳಬೇಕು, ಒಂದು ಕಾರಣ ಹೇಳಬೇಕು. ಹೇಳಲು ಹೊರಟಾಗ ಅವರಿಗೇ ಅದು ಮೊದಲ ಸಲ ಕೇಳಿಸುತ್ತದೆ.

ನಮ್ಮ ತಂದೆಯರ ತಲೆಮಾರು ಸಹನೆಯನ್ನು ದೊಡ್ಡ ಗುಣವೆಂದು ಬಾಳಿತು. ಬರಗಾಲವನ್ನು, ಸಾಲವನ್ನು, ಸಾವನ್ನು ಅವರು ತಡೆದುಕೊಂಡದ್ದು ಅದರ ಬಲದಿಂದಲೇ. ಆ ಗುಣದ ಬಗ್ಗೆ ನನಗೆ ಗೌರವವಿದೆ. ಆದರೆ ಸಹನೆಗೆ ಅರ್ಥ ಬರುವುದು ಬೇರೆ ದಾರಿಯಿಲ್ಲದ ಕಡೆ. ಹತ್ತು ಕಿಲೋಮೀಟರ್ ದೂರದಲ್ಲಿ ಡಾಕ್ಟರು ಇರುವಾಗ, ದಿನಕ್ಕೊಂದು ಮಾತ್ರೆಯಿಂದ ರಾತ್ರಿಯ ನಿದ್ದೆ ಮರಳಬಹುದಾಗಿರುವಾಗ, ಸಹಿಸುವುದರಿಂದ ಯಾರಿಗೂ ಒಳ್ಳೆಯದಾಗುವುದಿಲ್ಲ. ಯಾರಿಗೂ ಭಾರವಾಗಬಾರದೆಂದು ಬಾಯಿಮುಚ್ಚಿಕೊಂಡವರೇ ಕೊನೆಗೆ ಕಿಡ್ನಿ ಕೆಟ್ಟು, ಇಲ್ಲವೇ ಕ್ಯಾನ್ಸರ್ ಮೂಳೆಗೆ ಹಬ್ಬಿ, ಮನೆಮಂದಿಯೆಲ್ಲ ಹೊರಬೇಕಾದ ಸ್ಥಿತಿಗೆ ಬರುವುದನ್ನು ನೋಡಿದರೆ ಸಂಕಟವಾಗುತ್ತದೆ. ಮಕ್ಕಳಿಗೆ ಭಾರವಾಗಬಾರದು ಎನ್ನುವ ಮನುಷ್ಯ ಮಾಡಬೇಕಾದ ಮೊದಲ ಕೆಲಸವೇ ಬೇಗ ಹೋಗಿ ತೋರಿಸಿಕೊಳ್ಳುವುದು. ಐವತ್ತು ದಾಟಿದ ಪ್ರತಿಯೊಬ್ಬ ಗಂಡಸೂ ಮೂತ್ರದ ಕಾರಣಕ್ಕೆ ತಾನು ಬಿಟ್ಟಿರುವುದೇನು ಎಂದು ಒಂದು ಸಲ ಕೂತು ಪಟ್ಟಿ ಮಾಡಲಿ. ಪಟ್ಟಿಯಲ್ಲಿ ಒಂದೇ ಒಂದು ಸಾಲು ಮೂಡಿದರೂ ಆ ಚೀಟಿಯನ್ನೇ ಡಾಕ್ಟರ ಮುಂದಿಡಲಿ. ಬಾಯಲ್ಲಿ ಹೇಳಲು ಸಂಕೋಚವಾದವರ ಪರವಾಗಿ ಆ ಚೀಟಿ ಮಾತನಾಡುತ್ತದೆ. ಉಳಿದದ್ದನ್ನು ಕೇಳಿ ತಿಳಿಯುವುದು ಡಾಕ್ಟರ ಕೆಲಸ.